ಹತ್ತು, ಒಂದು, ಆರು, ಎರಡು, ಒಂದು

ಫೆಬ್ರವರಿ 3, 1982, ಬುಧವಾರ

ಆಸ್ಪತ್ರೆಯಿಂದ ಕಾಗದ ಬಂತು. ಸೋಮವಾರ ಬೆಳಗ್ಗೆ ಒಂದು ಆಪರೇಷನ್ ಸರದಿ ತೆರವಾಗಿತ್ತಂತೆ. ನಮಗೆ ಮೂರು ಸಲ ಫೋನ್ ಮಾಡಿದರಂತೆ. ಯಾರೂ ಎತ್ತಲಿಲ್ಲವಾದ್ದರಿಂದ ಪಟ್ಟಿಯಲ್ಲಿ ನನ್ನ ಹಿಂದಿದ್ದವನಿಗೆ ಕೊಟ್ಟರಂತೆ. ಇನ್ನೊಂದು ತೆರವಾದಾಗ ಮತ್ತೆ ಮಾಡುತ್ತಾರಂತೆ, ದಯವಿಟ್ಟು ಫೋನಿನ ಹತ್ತಿರವೇ ಇರಬೇಕಂತೆ. ನನ್ನ ಎದೆಯಲ್ಲಿ ಮೂರು ರಕ್ತನಾಳ ಕಟ್ಟಿಕೊಂಡು ಕೂತಿವೆ. ಅಕ್ಟೋಬರಿನಲ್ಲಿ ಅಡುಗೆಮನೆಯಲ್ಲಿ ಬಿದ್ದಾಗಿನಿಂದ ಈ ಒಂದು ಕರೆಗಾಗಿ ಕಾಯುತ್ತಿದ್ದೇನೆ. ಅದು ಬಂದೂ ಹೋಯಿತು!

ಸೋಮವಾರ ಬೆಳಗ್ಗೆ ನಾನು ತೋಟದ ಕೊನೆಯ ಶೆಡ್ಡಿನಲ್ಲಿ ಯಾರದೋ ರೇಡಿಯೋ ಬಿಚ್ಚಿಕೊಂಡು ಕೂತಿದ್ದೆ. ನನ್ನ ಹೆಂಡತಿ ಸಾಯ್ಮಿ ಮನೆಯಲ್ಲೇ ಇದ್ದಳು.

"ಸೋಮವಾರ ಫೋನ್ ಬಡ್ಕೊಂತಾ?" ಎಂದು ಕೇಳಿದೆ.

"ಬಡ್ಕೊಂತು."

"ಎಷ್ಟು ಸಲ?"

"ಮೂರು ಸಲ."

"ಎತ್ಬಾರ್ದಾಗಿತ್ತೇನೇ?"

"ಎತ್ತಿ ಏನಂತ ಹೇಳ್ಲಿ? ಅವ್ರ ಭಾಷೆ ನಂಗೆಲ್ಲಿ ಬರುತ್ತೆ?"

ಫಿನ್‌ಲೆಂಡ್ ಬಿಟ್ಟು ಈ ಸ್ವೀಡನ್ನಿಗೆ, ಈ ವೆಸ್ತೆರೋಸ್ ಪಟ್ಟಣಕ್ಕೆ ಬಂದು ಹನ್ನೊಂದು ವರ್ಷವಾಯಿತು. ನಾನು ಕಾರ್ಖಾನೆಯಲ್ಲಿ ಬೈಸಿಕೊಂಡು ಬೈಸಿಕೊಂಡೇ ಭಾಷೆ ಕಲಿತೆ. ಇವಳು ಕೆಲಸ ಮಾಡುತ್ತಿದ್ದ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯಿಂದ ಹಿಡಿದು ಇಸ್ತ್ರಿಯವಳ ತನಕ ಎಲ್ಲರೂ ನಮ್ಮವರೇ. ಒಂದಕ್ಷರ ಕಲಿಯುವ ದರಕಾರು ಬೀಳಲಿಲ್ಲ.

ಸಿಟ್ಟು ಬಂದರೂ ಕಿರುಚಲಿಲ್ಲ. ಕಿರುಚಿದರೆ ಎದೆ ಹಿಡಿದುಕೊಳ್ಳುತ್ತದೆ.

ಫೆಬ್ರವರಿ 6, ಶನಿವಾರ

ಶೆಡ್ಡಿಗೆ ಫೋನಿನ ಗಂಟೆಯೊಂದನ್ನು ಹಾಕಿಕೊಳ್ಳುತ್ತೇನೆ. ಇವಳು ಎತ್ತುವುದಿಲ್ಲ, ನಾನು ದಿನವಿಡೀ ಮನೆಯೊಳಗೆ ಕೂರುವವನಲ್ಲ. ಸೋಫಾದ ಮೇಲೆ ಕೂತು ಸಾಯುವುದಕ್ಕಿಂತ ಬೆಸುಗೆಯ ಹೊಗೆ ಕುಡಿದುಕೊಂಡು ಕಾಯುವುದು ಮೇಲು. ಮನೆಯ ಹಾಲಿನಲ್ಲಿ ಫೋನ್ ಬಡಿದುಕೊಂಡರೆ ನಲವತ್ತು ಹೆಜ್ಜೆ ದೂರದ ಶೆಡ್ಡಿನಲ್ಲೂ ಬಡಿಯಬೇಕು, ಅಷ್ಟೇ ವಿಷಯ.

ಟೆಲಿಫೋನ್ ಇಲಾಖೆಯವರಿಗೆ ಅರ್ಜಿ ಹಾಕಿದರೆ ಬೇಸಿಗೆಗೆ ಬರುತ್ತಾರೆ. ಅವರ ಲೈನಿಗೆ ನಾವೇ ಕೈ ಹಾಕುವುದು ಕಾನೂನಿಗೆ ವಿರುದ್ಧ. ಹಾಕಿದೆ. ಗುಜರಿ ಡಬ್ಬಿಯಲ್ಲಿದ್ದ ಹಳೇ ಫೋನಿನ ಗಂಟೆ ಬಿಚ್ಚಿ, ಒಂದು ಕೆಪಾಸಿಟರ್ ಸೇರಿಸಿ, ಬಟ್ಟೆ ಒಣಹಾಕುವ ಕಂಬಗಳ ಮೇಲೆ ತಂತಿ ಎಳೆದೆ. ಮಧ್ಯಾಹ್ನ ನೋಡಿದರೆ ಸಾಯ್ಮಿ ಆ ತಂತಿಯ ಮೇಲೆ ನನ್ನ ಉದ್ದ ಒಳಚಡ್ಡಿ ನೇತುಹಾಕಿದ್ದಾಳೆ.

"ಅದು ಟೆಲಿಫೋನ್ ತಂತಿ ಕಣೇ!"

"ಬಟ್ಟೆ ಕಂಬದ ಮೇಲಿದ್ರೆ ಅದು ಬಟ್ಟೆ ತಂತೀನೇ," ಎಂದಳು.

ಫೆಬ್ರವರಿ 9, ಮಂಗಳವಾರ

ಪಕ್ಕದ ಮನೆಯ ಡಾಗ್ನಿಗೆ ಪರೀಕ್ಷೆಗಾಗಿ ಫೋನ್ ಮಾಡಲು ಹೇಳಿದೆ. ಡಾಗ್ನಿ ಒಬ್ಬಂಟಿ ವಿಧವೆ, ಸ್ವೀಡಿಷಳು, ಒಳ್ಳೆಯ ಹೆಂಗಸು. ಅಕ್ಟೋಬರಿನಲ್ಲಿ ನಾನು ನೆಲಕ್ಕೆ ಬಿದ್ದಾಗ ಆಂಬುಲೆನ್ಸ್ ಕರೆಸಿದ್ದು ಅವಳೇ. ಸಾಯ್ಮಿ ತುರ್ತು ನಂಬರಿಗೆ ಫೋನ್ ಹಚ್ಚಿದ್ದಳಂತೆ. ಆ ಕಡೆಯವರು ಮನೆ ನಂಬರ್ ಕೇಳಿದಾಗ ಎಪ್ಪತ್ತೇಳು ಎನ್ನಲು ಬಾಯಿ ಬಾರದೆ ರಿಸೀವರ್ ಬಿಸಾಕಿ ಬರಿಗಾಲಲ್ಲಿ ಡಾಗ್ನಿಯ ಮನೆಗೆ ಓಡಿದಳಂತೆ. ಇದು ನನಗೆ ಡಾಗ್ನಿ ಹೇಳಿದ್ದು. ಸಾಯ್ಮಿ ಆ ದಿನದ ಸುದ್ದಿಯನ್ನೇ ಎತ್ತುವುದಿಲ್ಲ.

ಪರೀಕ್ಷೆ ಮಣ್ಣುಪಾಲು. ಒಂದೇ ಲೈನಿನ ಕರೆಂಟನ್ನು ಮನೆಯ ಗಂಟೆ, ಶೆಡ್ಡಿನ ಗಂಟೆ ಹಂಚಿಕೊಂಡು ಎರಡೂ ಗೊರಗೊರ ಎಂದವು. ಡಾಗ್ನಿ ಕಾಲು ಗಂಟೆ ಫೋನ್ ಇಡಲೇ ಇಲ್ಲ. ಆಮೇಲೆ ಬೇಲಿಯ ಹತ್ತಿರ ಬಂದು, "ನಾನು ಕಾಫಿನೂ ಕುಡ್ದೆ, ಬನ್ನೂ ತಿಂದೆ, ಇನ್ನೂ ಬಾರಿಸ್ತಾನೇ ಇರ್ಲಾ?" ಎಂದಳು.

ಈ ಏಳು ಎನ್ನುವ ಪದದ ವಿಷಯ. ಸ್ವೀಡಿಷರ ಏಳು ನಾಲಗೆಯಿಂದ ಬರುವುದಿಲ್ಲ, ಬಿಸಿ ಗಂಜಿ ಊದುವ ಹಾಗೆ ಉಸಿರಿನಲ್ಲಿ ಬರಬೇಕು. ಎರಡು ವರ್ಷದ ಹಿಂದೆ ಡಾಗ್ನಿಯ ಮನೆಯಲ್ಲಿ ಎಷ್ಟು ಬಾಟಲಿ ಜಾಮ್ ಮಾಡಿದೆ ಎಂದು ಯಾರೋ ಕೇಳಿದ್ದಕ್ಕೆ ಸಾಯ್ಮಿ ಏಳು ಎನ್ನಲು ಹೋಗಿ "ಸೂ" ಎಂದಳು. ಮಗುವಿಗೆ ಉಚ್ಚೆ ಮಾಡಿಸುವ ಹಾಗೆ! ನನಗೆ ನಗು ತಡೆಯಲಿಲ್ಲ. ನಾನು ನಕ್ಕೆ ಅಂತ ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಅವತ್ತಿನಿಂದ ಇವಳು ಆ ಭಾಷೆಯ ಒಂದು ಮಾತೂ ಆಡಿಲ್ಲ. ತಮಾಷೆಯನ್ನು ತಮಾಷೆ ಅಂತ ತಗೊಳ್ಳೋದು ಗೊತ್ತಿಲ್ಲದವಳು.

ಫೆಬ್ರವರಿ 17, ಬುಧವಾರ

ಆಯಿತು! ಗಂಟೆಯನ್ನು ಲೈನಿನಿಂದ ಬಿಡಿಸಿ ಬೇರೆ ಬ್ಯಾಟರಿಗೆ ಕೊಟ್ಟೆ. ಲೈನಿಗೆ ಕೆಪಾಸಿಟರ್ ಮೂಲಕ ಒಂದು ಸಣ್ಣ ರಿಲೇ ಮಾತ್ರ. ಕರೆ ಬಂದಾಗ ಅದರ ಕಬ್ಬಿಣದ ನಾಲಗೆ ಎಳೆದುಕೊಳ್ಳುತ್ತದೆ, ಗಂಟೆಗೆ ಬ್ಯಾಟರಿ ಸೇರುತ್ತದೆ. ಲೈನಿಗೆ ಹೊರೆಯೇ ಇಲ್ಲ. ಡಾಗ್ನಿ ಫೋನ್ ಮಾಡಿದಾಗ ಬಾರಿಸಿತು ನೋಡಿ, ಶೆಡ್ಡಿನ ಮಾಡಿನ ಮೇಲಿದ್ದ ಕಾಗೆ ಹಾರಿಹೋಯಿತು. ಫಿನ್‌ಲೆಂಡ್ ಸೇನೆಯ ಸಿಗ್ನಲ್ ದಳದಲ್ಲಿ ಎರಡು ವರ್ಷ ತಂತಿ ಹೊತ್ತಿದ್ದು ದಂಡವಾಗಲಿಲ್ಲ.

ಇನ್ನು ಕರೆ ಬರಲಿ. ನಲವತ್ತು ಹೆಜ್ಜೆ. ಓಡದೆ ನಡೆದರೂ ಆರನೇ ಬಡಿತಕ್ಕೆ ಎತ್ತಬಲ್ಲೆ. ಅಳೆದು ನೋಡಿದ್ದೇನೆ.

ಫೆಬ್ರವರಿ 22, ಸೋಮವಾರ

ಒಂದು ಸಣ್ಣ ದೋಷ. ಮನೆಯಿಂದ ಯಾರಾದರೂ ನಂಬರ್ ತಿರುಗಿಸಿದರೆ ಡಯಲ್ ವಾಪಸು ತಿರುಗುವಾಗ ಇಲ್ಲಿನ ಗಂಟೆ ಟಿಣ್ ಟಿಣ್ ಎನ್ನುತ್ತದೆ. ಡಯಲ್ ಲೈನನ್ನು ಕತ್ತರಿಸಿ ಕತ್ತರಿಸಿ ಬಿಡುತ್ತದಲ್ಲ, ಒಂದೊಂದು ಕತ್ತರಿಕೆಗೂ ರಿಲೇ ಒಮ್ಮೆ ಬೆಚ್ಚುತ್ತದೆ. ಇನ್ನೊಂದು ಪುಟ್ಟ ಕೆಪಾಸಿಟರ್ ಹಾಕಿದರೆ ನಿಲ್ಲುತ್ತದೆ. ಡ್ರಾಯರಿನಲ್ಲೇ ಇದೆ.

ಈ ದೋಷ ಗೊತ್ತಾದದ್ದು ಹೇಗೆಂದರೆ ಬೆಳಗ್ಗೆ ಹತ್ತು ಗಂಟೆಗೆ ಗಂಟೆ ಟಿಣ್‌ಗುಟ್ಟಿತು. ಅಂದರೆ ಸಾಯ್ಮಿ ಯಾರಿಗೋ ಫೋನ್ ಮಾಡಿದಳು. ಫೋನೆಂದರೆ ಹಾವು ಕಂಡವಳ ಹಾಗೆ ಸರಿಯುವ ಸಾಯ್ಮಿ!

ಊಟದ ಹೊತ್ತಿಗೆ, "ಬೆಳಗ್ಗೆ ಏನ್ಮಾಡ್ತಿದ್ದೆ?" ಎಂದೆ.

"ಆಲೂಗಡ್ಡೆ ಸಿಪ್ಪೆ ತೆಗೀತಿದ್ದೆ," ಎಂದಳು.

ಫೆಬ್ರವರಿ 25, ಗುರುವಾರ

ಪ್ರತಿದಿನವೂ ಮಾಡುತ್ತಾಳೆ. ನಾನು ಶೆಡ್ಡಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ.

ಟಿಣ್‌ಗಳು ಕಿವಿಯಿಂದ ಎಣಿಸಲಾರದಷ್ಟು ಬೇಗ ಓಡುತ್ತವೆ. ಅದಕ್ಕೆ ಟೇಪ್ ರೆಕಾರ್ಡರ್ ಇಟ್ಟೆ. ವೇಗವಾಗಿ ಮುದ್ರಿಸಿ ನಿಧಾನವಾಗಿ ನುಡಿಸಿದರೆ ಒಂದೊಂದೂ ಕೈಯಲ್ಲಿ ಹಿಡಿದ ಹಾಗೆ ಸಿಗುತ್ತದೆ. ಬರೆದುಕೊಂಡೆ: ಹತ್ತು, ಒಂದು, ಆರು, ಎರಡು, ಒಂದು.

ಸಿಗ್ನಲ್ ದಳದಲ್ಲಿ ಕಲಿತದ್ದು ಮರೆತಿಲ್ಲ. ತಿರುಗಿಸಿದ ಅಂಕಿ ಎಷ್ಟೋ ಅಷ್ಟು ಟಿಣ್, ಹತ್ತು ಟಿಣ್ ಎಂದರೆ ಸೊನ್ನೆ. ಉಳಿದವು ಇದ್ದ ಹಾಗೇ. ಅಂದರೆ 0-1-6-2-1. ಸೊನ್ನೆ ಒಂದು ಆರು ಎಂದರೆ ಎಸ್ಕಿಲ್ಸ್ತುನ ಊರಿನ ಕೋಡು. ಇಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆ. ಆಮೇಲೆ 21. ಅಲ್ಲಿಗೆ ನಿಂತುಹೋಗುತ್ತದೆ. ಮುಂದಿನ ಅಂಕಿಗಳು ಬರುತ್ತಿಲ್ಲ. ನನ್ನ ರಿಲೇ ಐದು ಅಂಕಿಗೇ ಸುಸ್ತಾಗುತ್ತಿರಬೇಕು.

ದೋಷ ಸರಿಪಡಿಸುವ ಆ ಪುಟ್ಟ ಕೆಪಾಸಿಟರನ್ನು ಡ್ರಾಯರಿನಲ್ಲೇ ಬಿಟ್ಟಿದ್ದೇನೆ.

ಮಾರ್ಚ್ 2, ಮಂಗಳವಾರ

ರಿಲೇಯ ಸ್ಪ್ರಿಂಗು ಸಡಿಲಿಸಿದೆ. ಕೆಪಾಸಿಟರ್ ಬದಲಿಸಿದೆ. ಬ್ಯಾಟರಿ ಹೊಸದು ಹಾಕಿದೆ. ಆದರೂ ಐದೇ ಅಂಕಿ. ನಾನೇ ಒಂದು ನಂಬರ್ ತಿರುಗಿಸಿ ಟೇಪಿನಲ್ಲಿ ತಾಳೆ ನೋಡಬೇಕಿತ್ತು. ಎಣಿಸುವುದರಲ್ಲಿ ತಾಳೆ ನೋಡುವುದೇನಿದೆ ಎಂದು ಬಿಟ್ಟೆ.

ಗ್ರಂಥಾಲಯಕ್ಕೆ ಹೋಗಿ ಎಸ್ಕಿಲ್ಸ್ತುನದ ಟೆಲಿಫೋನ್ ಪುಸ್ತಕ ತೆಗೆದೆ. ನಮ್ಮವರ ಹೆಸರುಗಳನ್ನು ಮಾತ್ರ ಬೆರಳಿಟ್ಟು ನೋಡಿದೆ. ಲ ಅಕ್ಷರದಲ್ಲಿ ಬೆರಳು ನಿಂತಿತು. ಲಾಕ್ಕೊನೆನ್, ರೆಯ್ನೊ. ನಂಬರ್ 21ರಿಂದ ಶುರು.

ರೆಯ್ನೊ ಲಾಕ್ಕೊನೆನ್ ಯಾರೆಂದು ನನಗೆ ಪುಸ್ತಕ ನೋಡಿ ತಿಳಿಯಬೇಕಿಲ್ಲ. ನಮ್ಮೂರು ಕುಹ್ಮೊದ ಕುಣಿತದ ಮನೆಯಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದವನು. ಮದುವೆಗೆ ಮುಂಚೆ ಸಾಯ್ಮಿ ನೀಲಿ ಕೋಟು ಹಾಕಿಕೊಂಡು ವೇದಿಕೆಯ ಪಕ್ಕದಲ್ಲೇ ನಿಲ್ಲುತ್ತಿದ್ದಳು. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ.

ಇಪ್ಪತ್ತೇಳು ವರ್ಷವಾಯಿತು ಮದುವೆಯಾಗಿ.

ಮಾರ್ಚ್ 5, ಶುಕ್ರವಾರ

10.17ಕ್ಕೆ ಒಮ್ಮೆ. 10.27ಕ್ಕೆ ಒಮ್ಮೆ. ಏನೂ ಕೆಲಸ ಮಾಡಲಾಗಲಿಲ್ಲ.

ಮಾರ್ಚ್ 11, ಗುರುವಾರ

ಒಂದು ಪಟ್ಟಿ ಮಾಡಿದ್ದೇನೆ. 10.07. 10.17. 10.37. ನಿನ್ನೆ 9.57. ಯಾವಾಗಲೂ ಕೊನೆಗೆ ಏಳು! ಒಂದು ಸಲವೂ ತಪ್ಪಿಲ್ಲ. ಇದು ಗೊತ್ತುಮಾಡಿಕೊಂಡ ಸಂಕೇತವಲ್ಲದೆ ಮತ್ತೇನು? ಅವನು ಅಲ್ಲಿ ಫೋನಿನ ಪಕ್ಕ ಗಡಿಯಾರ ನೋಡುತ್ತ ಕೂತಿರುತ್ತಾನೆ, ಇವಳು ಇಲ್ಲಿ ಗಡಿಯಾರ ನೋಡುತ್ತ ನಿಂತಿರುತ್ತಾಳೆ. ನಾನು ಸತ್ತರೆ ಎಂದು ಲೆಕ್ಕ ಹಾಕುತ್ತಿದ್ದಾರೋ ಏನೋ. ಅದಕ್ಕೇ ಆಸ್ಪತ್ರೆಯ ಕರೆ ಎತ್ತಲಿಲ್ಲವೇ? ಬರೆದದ್ದನ್ನು ಹೊಡೆದುಹಾಕುವುದಿಲ್ಲ.

ಇವತ್ತು ಟಿಣ್ ಎಂದ ಕೂಡಲೇ ಸದ್ದಿಲ್ಲದೆ ಹೋಗಿ ಹಾಲಿನ ಬಾಗಿಲು ತೆಗೆದೆ. ರಿಸೀವರ್ ಕಿವಿಗಿಟ್ಟುಕೊಂಡು ಬಾಯಲ್ಲಿ ಏನೋ ಪಿಸುಗುಡುತ್ತಿದ್ದಳು. ನನ್ನನ್ನು ಕಂಡು ಕುಕ್ಕಿ ಇಟ್ಟಳು. ಕಿವಿಯ ತನಕ ಕೆಂಪಾದಳು.

"ಯಾರದು?"

"ಯಾರೂ ಇಲ್ಲ. ಧೂಳು ಒರೆಸ್ತಿದ್ದೆ."

"ಕಿವಿಯಿಂದ ಒರೆಸ್ತಿದ್ಯಾ?"

"ಹೋಗು ಮುದುಕಾ, ನಿನ್ನ ಶೆಡ್ಡಿಗೆ ಹೋಗು," ಎಂದು ಅಡುಗೆಮನೆಗೆ ಹೋದಳು. ಕೈಯಲ್ಲಿ ಬಟ್ಟೆ ಇರಲಿಲ್ಲ.

ಮಾರ್ಚ್ 18, ಗುರುವಾರ

ಆಸ್ಪತ್ರೆಯಿಂದ ಕರೆಯಿಲ್ಲ. ಮೆಟ್ಟಿಲು ಹತ್ತಿದರೆ ಎಡಗೈ ಜೋಮು ಹಿಡಿಯುತ್ತದೆ. ಗುಳಿಗೆ ದಿನಕ್ಕೆ ಎರಡಿದ್ದದ್ದು ಐದಾಗಿದೆ. ಸಾಯ್ಮಿ ನನ್ನ ಮುಖವನ್ನೇ ನೋಡುತ್ತಿರುತ್ತಾಳೆ, ನಾನು ತಿರುಗಿದರೆ ಬೇರೆ ಕಡೆ ನೋಡುತ್ತಾಳೆ. ಇವತ್ತು ಮೀನಿನ ಸಾರು ಮಾಡಿದ್ದಳು, ನನಗೆ ಇಷ್ಟ ಅಂತ. ತಿನ್ನಲಿಲ್ಲ.

ಮಾರ್ಚ್ 24, ಬುಧವಾರ

ಎಲ್ಲವನ್ನೂ ಬರೆಯುತ್ತೇನೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಬೆಳಗ್ಗೆ ಶೆಡ್ಡಿಗೆ ಹೋಗುವವನ ಹಾಗೆ ಹೊರಟು ಹಿಂದಿನ ಬೇಲಿ ದಾಟಿ ಎಸ್ಕಿಲ್ಸ್ತುನದ ಬಸ್ಸು ಹತ್ತಿದೆ. ಫೋನಿನ ಹತ್ತಿರವೇ ಇರಿ ಎಂದು ಆಸ್ಪತ್ರೆಯವರು ಹೇಳಿದ್ದು ಬಸ್ಸಿನಲ್ಲಿ ಕೂತ ಮೇಲೂ ನೆನಪಿತ್ತು. ಇಳಿಯಲಿಲ್ಲ. ರೆಯ್ನೊನ ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಒಂದೊಂದು ಮಹಡಿಯಲ್ಲೂ ಗೋಡೆಗೆ ಒರಗಿ ನಿಂತೆ. ಎರಡನೆಯದರಲ್ಲಿ ನಾಲಗೆ ಕೆಳಗೆ ಗುಳಿಗೆ ಇಟ್ಟುಕೊಂಡೆ. ಇಲ್ಲೇ ಸತ್ತರೆ ಇವನ ಬಾಗಿಲಿಗೇ ಹೆಣ ಬೀಳುತ್ತದಲ್ಲ ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಉಳಿದ ಮೆಟ್ಟಿಲು ಹತ್ತಿದೆ.

ಬಾಗಿಲು ತೆಗೆದವನು ಬೋಳುತಲೆಯ ದಪ್ಪ ಮನುಷ್ಯ. ಉಣ್ಣೆ ಕಾಲುಚೀಲ ಹಾಕಿಕೊಂಡಿದ್ದ.

"ಕುಹ್ಮೊದಿಂದ ಬಂದವ್ನು ನಾನು," ಎಂದೆ. "ಸಾಯ್ಮಿಯ ಗಂಡ."

"ಯಾವ ಸಾಯ್ಮಿ?"

"ಯಾವ ಸಾಯ್ಮಿ ಅಂದ್ರೆ? ಕುಣಿತದ ಮನೇಲಿ ನಿನ್ ಪಕ್ಕದಲ್ಲೇ ನಿಲ್ತಿದ್ಲಲ್ಲ! ನೀಲಿ ಕೋಟಿನವ್ಳು!"

ಅವನು ತಲೆ ಕೆರೆದುಕೊಂಡ. "ಆ ಊರಲ್ಲಿ ಏಳೆಂಟು ಸಾಯ್ಮಿಯರಿದ್ರು ಕಣಯ್ಯಾ. ನಾನು ಬಾರಿಸ್ವಾಗ ಕಣ್ಣು ಮುಚ್ಕೊಂಡಿರ್ತಿದ್ದೆ. ಬಾ ಒಳಗೆ, ನಿನ್ ಮುಖ ಬೆಳ್ಳಗಾಗಿದೆ. ಕೂತ್ಕೋ."

ಎಂಥ ವಿಚಿತ್ರ! ಅವನು ಅವಳನ್ನು ಮರೆತಿದ್ದಾನೆ ಎಂದು ನನಗೆ ಸಮಾಧಾನವಾಗಬೇಕಿತ್ತು. ಬದಲು ಮೈಯೆಲ್ಲ ಉರಿಯಿತು. ಸಾಯ್ಮಿಯನ್ನು ಮರೆಯುವುದೆಂದರೇನು? ಆ ನೀಲಿ ಕೋಟಿನಲ್ಲಿ ಅವಳು ಹೇಗೆ ಕಾಣುತ್ತಿದ್ದಳೆಂದು ಈ ಕುರುಡನಿಗೆ ಹೇಗೆ ಗೊತ್ತಾಗಬೇಕು?

"ದಿನಾ ಬೆಳಗ್ಗೆ ಹತ್ತು ಗಂಟೆಗೆ ನಿನ್ ಮನೆ ಫೋನ್ ಯಾರು ಎತ್ತೋದು?" ಎಂದು ಕೇಳಿದೆ.

"ಬೆಳಗ್ಗೆ ಹತ್ತಕ್ಕಾ? ನಾವಿಬ್ರೂ ಕೆಲ್ಸಕ್ಕೆ ಹೋಗಿರ್ತೀವಿ. ಇವತ್ತು ಸೊಂಟ ಹಿಡ್ಕೊಂಡಿದೆ ಅಂತ ನಾನಿದೀನಿ. ಯಾಕೆ, ಏನಾಗ್ಬೇಕಿತ್ತು?"

ಏನೂ ಆಗಬೇಕಿರಲಿಲ್ಲ. ಕಾಫಿ ಕೊಟ್ಟ, ಕುಡಿದೆ. ಏಲಕ್ಕಿ ಬನ್ನು ಕೊಟ್ಟ, ಅದನ್ನೂ ತಿಂದೆ. ಊರಿನ ಸತ್ತವರ ಪಟ್ಟಿ ಒಪ್ಪಿಸಿದೆ. ಬಸ್ಸಿನವರೆಗೂ ಬಿಟ್ಟು ಬರುತ್ತೇನೆಂದ, ಬೇಡವೆಂದೆ.

ಮನೆಗೆ ಬಂದಾಗ ಎರಡು ಗಂಟೆ. ಸಾಯ್ಮಿ ಹಾಲಿನಲ್ಲಿ ಚಪ್ಪಲಿ ಬಿಡುವ ಬೆಂಚಿನ ಮೇಲೆ ಕೂತಿದ್ದಳು. ಓವರ್‌ಕೋಟು ಹಾಕಿಕೊಂಡಿದ್ದಳು, ಬೂಟಿನ ತುಂಬ ಮಂಜು. ಎಲ್ಲೆಲ್ಲೋ ಹುಡುಕಿ ಬಂದಿದ್ದಳು.

"ಎಲ್ಲಿಗೆ ಹೋಗಿದ್ದೆ?"

"ಪೇಟೆಗೆ. ಒಂದು ಬಿಡಿಭಾಗ ಬೇಕಿತ್ತು."

"ಸಿಗ್ತಾ?"

"ಇಲ್ಲ."

"ಆಸ್ಪತ್ರೆಯವ್ರು ಫೋನ್ ಮಾಡಿದ್ರು."

ನಾನು ಕಟ್ಟಿದ ಗಂಟೆ ಖಾಲಿ ಶೆಡ್ಡಿನಲ್ಲಿ ಬಡಿದುಕೊಂಡಿದೆ, ನಾನು ಬೋಳುತಲೆಯವನ ಮನೆಯಲ್ಲಿ ಬನ್ನು ತಿನ್ನುತ್ತಿದ್ದೆ. "ಮತ್ತೆ ಹೋಯ್ತಾ?" ಎಂದೆ.

"ಹೋಗ್ಲಿಲ್ಲ. ಬಡ್ಕೊಂತು, ನೀನು ಬರ್ಲಿಲ್ಲ. ಇನ್ನೊಂದ್ಸಲ ಬಡ್ಕೊಂತು. ಶೆಡ್ಡಿಗೆ ಓಡಿ ನೋಡ್ದೆ, ಗಂಟೆ ಒಂದೇ ಕೂಗ್ತಿದೆ, ನೀನಿಲ್ಲ. ವಾಪಸು ಬಂದು ಎತ್ತಿದೆ." ಕೈಯಲ್ಲಿದ್ದ ಚೀಟಿ ಕೊಟ್ಟಳು. ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಬರೆದಿತ್ತು: ಏಪ್ರಿಲ್ 7. ಬೆಳಗ್ಗೆ 7.30. ವಾರ್ಡ್ 17.

"ಡಾಗ್ನಿ ಬಂದಿದ್ಲಾ?"

"ಡಾಗ್ನಿ ಯಾಕೆ ಬರ್ಬೇಕು? ನಾನೇ ಮಾತಾಡ್ದೆ. ಮೂರ್ಸಲ ಹೇಳಿಸ್ದೆ. ಮನೆ ನಂಬರ್ ಸರಿಯಿದ್ಯಾ ಅಂತ ಕೇಳಿದ್ರು. ಎಪ್ಪತ್ತೇಳು ಅಂದೆ. ಒಂದೇ ಸಲಕ್ಕೆ ಅರ್ಥ ಆಯ್ತು ಅವ್ರಿಗೆ."

ಎಪ್ಪತ್ತೇಳು ಎಂದು ಅವರ ಭಾಷೆಯಲ್ಲಿ ನನಗೂ ಹೇಳಿ ತೋರಿಸಿದಳು. ಎರಡು ಏಳೂ ಬಿಸಿ ಗಂಜಿ ಊದಿದ ಹಾಗೇ ಬಂದವು.

ಮಾರ್ಚ್ 25, ಗುರುವಾರ

ಎಲ್ಲಿ ಕಲಿತೆ ಎಂದು ಇವತ್ತು ಕೇಳಿದೆ. "ನಗ್ಬಾರ್ದು," ಎಂದಳು. ನಗುವುದಿಲ್ಲವೆಂದೆ. ಗಡಿಯಾರ ನೋಡಿ, ಸ್ವಲ್ಪ ಕಾದು, ರಿಸೀವರ್ ಎತ್ತಿ ಡಯಲ್ ತಿರುಗಿಸಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಅವಳ ಬೆರಳು ಕಟ್ಟಕಡೆಯ ತೂತಿಗೆ ಹೋಯಿತು. ಒಂಬತ್ತು. ಡಯಲ್ ಪೂರ್ತಿ ಸುತ್ತಿ ವಾಪಸು ಬಂತು, ಟಕಟಕ ಹತ್ತು ಸಲ. ಆಮೇಲೆ ಮೊಟ್ಟಮೊದಲ ತೂತು, ಸೊನ್ನೆ, ಒಂದೇ ಟಕ್. ಐದು, ಆರು ಟಕ್. ಒಂದು, ಎರಡು ಟಕ್. ಸೊನ್ನೆ, ಒಂದು ಟಕ್.

ಹತ್ತು, ಒಂದು, ಆರು, ಎರಡು, ಒಂದು. 9-0-5-1-0.

ಅಲ್ಲೇ ಡಯಲನ್ನು ದಿಟ್ಟಿಸಿ ನಿಂತೆ. ನಮ್ಮ ದೇಶದ ಡಯಲಿನಲ್ಲಿ ಸೊನ್ನೆ ಕೊನೆಗಿರುತ್ತದೆ, ಅದಕ್ಕೆ ಹತ್ತು ಬಡಿತ. ಇವರ ದೇಶದಲ್ಲಿ ಸೊನ್ನೆಯಿಂದಲೇ ಶುರು, ಅದಕ್ಕೆ ಒಂದು ಬಡಿತ, ಒಂದಕ್ಕೆ ಎರಡು, ಹಾಗೇ ಎಲ್ಲವೂ ಒಂದೊಂದು ಹೆಚ್ಚು. ಹನ್ನೊಂದು ವರ್ಷ ಈ ಡಯಲಿನಲ್ಲಿ ಬೆರಳು ತೂರಿಸಿದ್ದೇನೆ. ಒಂದು ದಿನ ಕಣ್ಣಿಟ್ಟು ನೋಡಿರಲಿಲ್ಲ. ಸಿಗ್ನಲ್ ದಳದವನಂತೆ ನಾನು!

ಸಾಯ್ಮಿ ರಿಸೀವರನ್ನು ನನ್ನ ಕಿವಿಗೆ ಹಿಡಿದಳು. ಗಡಿಯಾರದ ಕುಮಾರಿ. ಇಲ್ಲಿ ಎಲ್ಲರೂ ಹಾಗೆನ್ನುತ್ತಾರೆ. 90510 ತಿರುಗಿಸಿದರೆ ಒಂದು ಹೆಣ್ಣುಧ್ವನಿ ಹತ್ತು ಸೆಕೆಂಡಿಗೊಮ್ಮೆ ಸಮಯ ಹೇಳುತ್ತಲೇ ಇರುತ್ತದೆ. ಹತ್ತು, ಹದಿನೇಳು, ಮತ್ತು ಹತ್ತು. ಹತ್ತು, ಹದಿನೇಳು, ಮತ್ತು ಇಪ್ಪತ್ತು. ಸಾಯ್ಮಿ ಅದರ ಹಿಂದೆಯೇ ತುಟಿಯಾಡಿಸುತ್ತಿದ್ದಳು.

"ಏಳು ಬರೋ ನಿಮಿಷಕ್ಕೆ ಮಾಡ್ಬೇಕು," ಎಂದಳು. "ಒಂದು ನಿಮಿಷದಲ್ಲಿ ಆರ್ಸಲ ಹೇಳ್ತಾಳೆ. ಎಷ್ಟು ತಪ್ಪಿದ್ರೂ ಇವ್ಳು ನಗಲ್ಲ."

"ಯಾಕೆ ಕಲಿತೆ?"

"ನೀನು ಮತ್ತೆ ಬಿದ್ರೆ? ಮನೆ ನಂಬರ್ ಹೇಳೋಕೆ ಬರದೆ ನಿನ್ನ ಸಾಯ್ಸ್ಲಾ?"

ನಾನು ಶೆಡ್ಡಿಗೆ ಹೋದೆ. ಹೋಗಿ ಏನು ಮಾಡಿದೆನೆಂದು ಬರೆಯುವುದಿಲ್ಲ.

ಮಾರ್ಚ್ 28, ಭಾನುವಾರ

ಮೂರು ದಿನ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ಇವತ್ತು ಸಾಯ್ಮಿ ನನ್ನ ಕೋಟು ಕೊಡವುವಾಗ ಬಸ್ಸಿನ ಚೀಟಿ ಬಿತ್ತು.

"ಎಸ್ಕಿಲ್ಸ್ತುನದಲ್ಲಿ ಎಂಥ ಬಿಡಿಭಾಗ?" ಎಂದು ಕೇಳಿದಳು.

ಎಲ್ಲ ಹೇಳಿದೆ. ಗಂಟೆ, ಟೇಪು, ಪಟ್ಟಿ, ರೆಯ್ನೊ. ಅವಳು ಅಡುಗೆಮನೆಯ ಮೇಜಿಗೆ ಕೈಯೂರಿ ಕೇಳಿದಳು. ಪಟ್ಟಿ ತರಿಸಿ ನೋಡಿದಳು. ಬೆರಳಿಟ್ಟು ಒಂದೊಂದೇ ಸಾಲು ಓದಿದಳು.

"ಒಂದು ತಿಂಗ್ಳು ನನ್ನ ಬೆರಳು ಎಣಿಸ್ದೆ," ಎಂದಳು. "ಒಂದ್ಸಲ ಬಾಯಿಬಿಟ್ಟು ಕೇಳೋಕೆ ಏನಾಗಿತ್ತೋ ನಿಂಗೆ?"

"ಕೇಳಿದ್ರೆ ಹೇಳ್ತಿದ್ಯಾ?"

ಅವಳು ಪಟ್ಟಿಯನ್ನು ನನ್ನ ಕಡೆ ತಳ್ಳಿದಳು. "ಇಲ್ಲ. ನೀನು ನಗ್ತಿದ್ದೆ."

ನಾನು ತಪ್ಪಾಯಿತು ಎಂದೆ. ಜಾಮ್ ಬಾಟಲಿಯ ದಿನಕ್ಕೂ ತಪ್ಪಾಯಿತು ಎಂದೆ. ಅದು ಅವಳಿಗೆ ನೆನಪಿರಲಾರದು ಎಂದುಕೊಂಡಿದ್ದೆ. ನೆನಪಿತ್ತು, ಅವತ್ತು ಯಾರು ಯಾರು ನಕ್ಕರೆಂದು ಹೆಸರು ಹಿಡಿದು ಹೇಳಿದಳು. ಡಾಗ್ನಿ ಮಾತ್ರ ನಕ್ಕಿರಲಿಲ್ಲವಂತೆ. ಆಮೇಲೆ ಆಲೂಗಡ್ಡೆ ಬೇಯಿಸಿ ತಟ್ಟೆ ಕುಕ್ಕಿ ಹೋದಳು.

ಸಂಜೆ ಹೊಸಿಲಿನಲ್ಲಿ ನಿಂತು, "ಯಾವ ಸಾಯ್ಮಿ ಅಂದ್ನಾ ಅವ್ನು?" ಎಂದು ಕೇಳಿದಳು.

"ಹೂಂ."

"ಬಿಡುವಿನಲ್ಲಿ ನಿಂಬೆ ಸೋಡಾ ಕೊಡಿಸ್ತಿದ್ದ ಕಣೋ! ಒಂದ್ಸಲ ಅಲ್ಲ, ಮೂರ್ಸಲ!" ಎಂದು ಬಾಗಿಲು ಹಾಕಿದಳು.

ಏಪ್ರಿಲ್ 6, ಮಂಗಳವಾರ

ಪೆಟ್ಟಿಗೆ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಾಳೆ. ಭಯವಾಗುತ್ತಿದೆ. ಎದೆಯ ಮೂಳೆ ಗರಗಸದಲ್ಲಿ ಸೀಳುತ್ತಾರೆ ಎಂದು ಓದಿದ್ದೇನೆ. ಭಯವಾಗುತ್ತಿದೆ ಎಂದು ಸಾಯ್ಮಿಗೂ ಹೇಳಿದೆ. ನನಗೂ ಆಗುತ್ತಿದೆ ಎಂದಳು. ಆಮೇಲೆ ಇಬ್ಬರೂ ಸ್ವಲ್ಪ ಹಗುರಾದೆವು.

ಬೆಳಗ್ಗೆ ಶೆಡ್ಡಿಗೆ ಹೋಗಿ ಡ್ರಾಯರಿನಿಂದ ಆ ಪುಟ್ಟ ಕೆಪಾಸಿಟರ್ ತೆಗೆದು ಬೆಸುಗೆ ಹಾಕಿದೆ. ಇನ್ನು ಅವಳು ಯಾರಿಗೆ ಬೇಕಾದರೂ ತಿರುಗಿಸಲಿ, ಗಂಟೆ ಬಾಯಿಬಿಡುವುದಿಲ್ಲ. ಟೇಪನ್ನೂ ಅಳಿಸಿದೆ.

ಊಟಕ್ಕೆ ಕೂತಾಗ, "ಗಂಟೆ ಯಾಕೆ ಸುಮ್ನಿದೆ?" ಎಂದಳು. "ಮಂಜಿನಲ್ಲಿ ನಡೆದು ಬಂದು ಕಾಫಿ ಆಯ್ತು ಅಂತ ಕೂಗೋ ಬದ್ಲು ನಾಲ್ಕು ಅಂಕಿ ತಿರುಗಿಸಿ ಕರೆಯೋಣ ಅಂತಿದ್ದೆ. ನಾಕ್ಸಲ ತಿರುಗಿಸ್ದೆ, ನೀನು ಬರ್ಲೇ ಇಲ್ಲ. ಕಾಫಿ ಆರೋಯ್ತು."

ಊಟವಾದ ಮೇಲೆ ಹೋಗಿ ಕೆಪಾಸಿಟರ್ ಕಿತ್ತೆ.

ಏಪ್ರಿಲ್ 13, ಮಂಗಳವಾರ

ಪೆನ್ಸಿಲ್ ಹಿಡಿಯಲು ಇವತ್ತೇ ಬಿಟ್ಟರು. ಕೆಮ್ಮಿದರೆ ಪ್ರಾಣ ಹೋಗುತ್ತದೆ. ಇದ್ದೇನೆ.

ವಾರ್ಡಿನ ನರ್ಸು ಹಾಸಿಗೆಯ ಹತ್ತಿರ ಬಂದು ಕೂತಳು. "ನೀವು ಪ್ರಜ್ಞೆಯಿಲ್ಲದೆ ಮಲಗಿದ್ದಾಗ ನಿಮ್ಮ ಹೆಂಡತಿ ದಿನಾ ಫೋನ್ ಮಾಡ್ತಿದ್ರು," ಎಂದಳು. "ಒಳ್ಳೇ ಸ್ಪಷ್ಟ ಭಾಷೆ. ಆದ್ರೆ ಒಂದು ವಿಷ್ಯ ಕೇಳ್ಲಾ? ಅವ್ರು ಯಾಕೆ ಗಡಿಯಾರದ ಕುಮಾರಿ ಥರ ಮಾತಾಡ್ತಾರೆ?"

"ಹೇಗೆ?"

"'ಹತ್ತು, ಏಳು, ಮತ್ತು ಇಪ್ಪತ್ತು. ಮನೆ ನಂಬರ್ ಎಪ್ಪತ್ತೇಳು. ನನ್ನ ಗಂಡ ಇದ್ದಾರಾ?' ಅಂತಾರೆ. ಇದ್ದಾರೆ ಅಂದ್ರೆ ಥ್ಯಾಂಕ್ಸ್ ಹೇಳಿ ಇಟ್ಬಿಡ್ತಾರೆ. ಮಾರನೇ ದಿನ ಮತ್ತೆ ಅದೇ."

ನಗು ಬಂತು. ಹೊಲಿಗೆ ಹಿಡಿದುಕೊಂಡು ನಕ್ಕೆ, ನೋವಿಗೆ ಕಣ್ಣಲ್ಲಿ ನೀರು ಬಂತು. ನರ್ಸು ಗಾಬರಿಯಾಗಿ ದಿಂಬು ತಂದು ಎದೆಗೆ ಒತ್ತಿಹಿಡಿದಳು. ಅವಳಿಗೆ ಹೇಳಿ ಗಾಲಿಯ ಮೇಲಿನ ಫೋನ್ ತರಿಸಿದೆ. ನಮ್ಮ ಮನೆಯ ನಂಬರನ್ನು ನಾನೇ ತಿರುಗಿಸಿದೆ. ಅಲ್ಲಿ ಹಾಲಿನಲ್ಲೂ ಶೆಡ್ಡಿನಲ್ಲೂ ಒಟ್ಟಿಗೇ ಬಡಿಯುತ್ತಿರಬೇಕು. ಎರಡನೇ ಬಡಿತಕ್ಕೇ ಎತ್ತಿದಳು. ಹಲೋ ಎನ್ನದೆ, ಈ ದೇಶದವರ ಹಾಗೆ ನಮ್ಮ ಫೋನ್ ನಂಬರನ್ನೇ ಹೇಳಿದಳು, ಒಂದೊಂದೇ ಅಂಕಿ, ತಪ್ಪಿಲ್ಲದೆ.

"ಯಾರು?" ಎಂದು ಸ್ವೀಡಿಷಿನಲ್ಲಿ ಕೇಳಿದಳು.

"ನಾನು ಕಣೇ. ಏನ್ಮಾಡ್ತಿದ್ದೆ?"

"ಆಲೂಗಡ್ಡೆ ಸಿಪ್ಪೆ ತೆಗೀತಿದ್ದೆ," ಎಂದಳು. ಆಮೇಲೆ ಆ ಕಡೆಯಿಂದ ಅಳುವ ಸದ್ದು ಮಾತ್ರ ಕೇಳಿಸಿತು. ಇಬ್ಬರೂ ಫೋನ್ ಇಡಲಿಲ್ಲ.